ಒಂದು ಕಣ್ಣು ಮುಚ್ಚಿ ನೋಡಿ: ಮ್ಯಾಕ್ಯುಲಾ ಸವೆತ ಇರುವವರು ಮನೆಯಲ್ಲೇ ದೃಷ್ಟಿಯ ಮೇಲೆ ನಿಗಾ ಇಡುವ ಬಗೆ

ನನ್ನ ತಾಯಿಯ ಎಡಗಣ್ಣು ಕೆಡುತ್ತಿದೆ ಎಂಬುದು ಗೊತ್ತಾದದ್ದು ಒಗ್ಗರಣೆಯ ಸಾಸಿವೆಯಿಂದ. ಸಿಡಿದ ಕಾಳು ಬಲಗಣ್ಣಿನ ಪಕ್ಕಕ್ಕೆ ತಾಗಿತು. ಸೆರಗಿನಿಂದ ಆ ಕಣ್ಣನ್ನು ಒತ್ತಿಕೊಂಡು ನಿಂತವರಿಗೆ ಎದುರು ಗೋಡೆಯ ಟೈಲ್ಸ್ ಗೆರೆಗಳು ಬಳುಕಿದಂತೆ ಕಂಡವು. ಕ್ಯಾಲೆಂಡರಿನತ್ತ ನೋಡಿದರೆ ನಡುವಿನ ತಾರೀಖುಗಳ ಜಾಗದಲ್ಲಿ ಒಂದು ಮಂಕು ಮಚ್ಚೆ. ಸೆರಗು ತೆಗೆದರೆ ಎಲ್ಲವೂ ಸರಿ. ಒಲೆಯ ಝಳ ಇರಬೇಕು ಎಂದುಕೊಂಡು ಅವರು ಎರಡು ವಾರ ಯಾರಿಗೂ ಹೇಳಲಿಲ್ಲ. ಆ ಎರಡು ವಾರಕ್ಕೆ ನಾವು ತೆತ್ತ ಬೆಲೆ ಹೆಚ್ಚು.

ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಸಾಲವನ್ನೆಲ್ಲ ತಾನೇ ತೀರಿಸುತ್ತದೆ. ಮನೆಯಲ್ಲಿ ಸಮರ್ಥನಾದ ಒಬ್ಬ ಅಣ್ಣನಿದ್ದರೆ ತಮ್ಮ ದುಡಿಯುತ್ತಿಲ್ಲ ಎಂಬುದು ವರ್ಷಗಟ್ಟಲೆ ಗೊತ್ತಾಗುವುದಿಲ್ಲವಲ್ಲ, ಹಾಗೆ. ಆದ್ದರಿಂದ ಈ ಬರಹದಲ್ಲಿ ಹೇಳುವ ಪ್ರತಿಯೊಂದು ಪರೀಕ್ಷೆಯನ್ನೂ ಒಂದು ಕಣ್ಣು ಮುಚ್ಚಿಕೊಂಡೇ ಮಾಡಬೇಕು. ಬೇರೇನನ್ನು ಮರೆತರೂ ಇದನ್ನು ಮರೆಯುವಂತಿಲ್ಲ.

ಒಳಗೆ ಏನಾಗುತ್ತಿದೆ

ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿರುವ ತೆಳು ಪರದೆ ರೆಟಿನಾ, ಅಂದರೆ ಅಕ್ಷಿಪಟಲ. ಅದರ ನಡುವಿನ ಸುಮಾರು 5 ಮಿಲಿಮೀಟರ್ ಅಗಲದ ಜಾಗವೇ ಮ್ಯಾಕ್ಯುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲವೂ ಅದರ ಕೆಲಸ. ವಯಸ್ಸಾದಂತೆ ಕೆಲವರಲ್ಲಿ ಅದರ ಅಡಿಯಲ್ಲಿ ಡ್ರೂಸನ್ ಎಂಬ ಹಳದಿ ಕಣಗಳು ಸೇರಿಕೊಂಡು, ಮೇಲಿನ ಜೀವಕೋಶಗಳು ಸೊರಗುತ್ತವೆ. ವೈದ್ಯರ ಚೀಟಿಯಲ್ಲಿ ಎಎಂಡಿ ಎಂದು ಬರೆದಿರುವುದು ಇದನ್ನೇ.

ಇದರಲ್ಲಿ ಎರಡು ಬಗೆ. ನೂರರಲ್ಲಿ 85ರಿಂದ 90 ಮಂದಿಗೆ ಇರುವುದು ಒಣ ಬಗೆ. ಅದು ವರ್ಷಗಳ ಕಾಲ ಮೆಲ್ಲಗೆ ಸವೆಸುತ್ತದೆ. ಉಳಿದವರದು ಒದ್ದೆ ಬಗೆ. ಅಲ್ಲಿ ರೆಟಿನಾದ ಅಡಿಯಲ್ಲಿ ಬೇಡದ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ. ಟೂರಿಂಗ್ ಟಾಕೀಸಿನ ಪರದೆ ಗಾಳಿಗೆ ಉಬ್ಬಿದಾಗ ನಾಯಕನ ಮೂಗು ಸೊಟ್ಟಗಾಗುತ್ತಿದ್ದುದನ್ನು ನೋಡಿದವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಸೋರಿದ ದ್ರವ ರೆಟಿನಾವನ್ನು ಎತ್ತಿದಾಗ ನೇರ ಗೆರೆ ಬಾಗುತ್ತದೆ. ಒಣ ಬಗೆ ಇರುವ ಕಣ್ಣು ಯಾವಾಗ ಬೇಕಾದರೂ ಒದ್ದೆಯಾಗಬಹುದು. ಒಂದು ಕಣ್ಣು ಒದ್ದೆಯಾದವರಲ್ಲಿ ಇನ್ನೊಂದಕ್ಕೂ ಅಪಾಯ ಹೆಚ್ಚು. ಮನೆಯಲ್ಲಿ ನಾವು ಕಾಯುವುದು ಮುಖ್ಯವಾಗಿ ಈ ತಿರುವಿಗಾಗಿ. ಕಣ್ಣೊಳಗೆ ಕೊಡುವ ಇಂಜೆಕ್ಷನ್ ದ್ರವವನ್ನು ಒಣಗಿಸಬಲ್ಲದು, ಆದರೆ ಕಲೆಗಟ್ಟಿದ ಜಾಗಕ್ಕೆ ದೃಷ್ಟಿಯನ್ನು ಮರಳಿಸಲಾರದು.

ಈ ತಿರುವಿನಲ್ಲಿ ಕಣ್ಣು ನೋಯುವುದಿಲ್ಲ, ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಜೊತೆಗೆ ನಮ್ಮ ಕಡೆಯ ಒಂದು ಹಳೆಯ ಅಭ್ಯಾಸವೂ ಸೇರಿಕೊಳ್ಳುತ್ತದೆ. ಡಾ. ಎಂ.ಸಿ. ಮೋದಿಯವರ ಉಚಿತ ನೇತ್ರ ಶಿಬಿರಗಳನ್ನು ಕಂಡ ತಲೆಮಾರಿಗೆ ಕಣ್ಣು ಮಂಜಾಯಿತೆಂದರೆ ಅದು ಪೊರೆಯೇ. "ಪೊರೆ ಬಲಿಯಲಿ, ದಸರಾ ಕಳೆದ ಮೇಲೆ ಆಪರೇಷನ್ ಮಾಡಿಸೋಣ" ಎಂದು ಕಾಯುತ್ತಾರೆ. ಪೊರೆ ದಸರೆಯವರೆಗೆ ಕಾಯುತ್ತದೆ. ಒದ್ದೆ ಮ್ಯಾಕ್ಯುಲಾ ಬರುವ ವಾರದವರೆಗೂ ಕಾಯುವುದಿಲ್ಲ.

ಮೊದಲು ವೈದ್ಯರಿಂದ ತಿಳಿದುಕೊಳ್ಳಬೇಕಾದದ್ದು

ಯಾವ ಕಣ್ಣಿನಲ್ಲಿ ಯಾವ ಬಗೆ, ಯಾವ ಹಂತ ಎಂಬುದನ್ನು ಕೇಳಿ ಬರೆದುಕೊಳ್ಳಿ. "ಎರಡರಲ್ಲೂ ಸ್ವಲ್ಪ ಇದೆ" ಎಂಬ ಉತ್ತರಕ್ಕೆ ತಲೆಯಾಡಿಸಿ ಎದ್ದು ಬರಬೇಡಿ. ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓಸಿಟಿ ಸ್ಕ್ಯಾನ್ ಆಗಿದ್ದರೆ ಅದರ ಪ್ರತಿ ನಿಮ್ಮ ಬಳಿ ಇರಲಿ. ಹಾಗೆಯೇ, ಮುಂದೆ ಹೇಳಲಿರುವ ಚೌಕಗಳ ಹಾಳೆಯನ್ನು ಮೊದಲ ಸಲ ವೈದ್ಯರ ಎದುರಿನಲ್ಲೇ ನೋಡಿ, ಆಗಲೇ ಬಾಗಿ ಕಾಣುತ್ತಿರುವ ಜಾಗವಿದ್ದರೆ ಅದರ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಸಿಕೊಳ್ಳಿ. ಇಂದು ಹೇಗಿದೆ ಎಂದು ಗೊತ್ತಿದ್ದರೆ ಮಾತ್ರ ನಾಳೆ ಬದಲಾಗಿದೆಯೇ ಎಂದು ಹೇಳಬಹುದು.

ಹಾಳೆ ತಯಾರಿಸುವುದು

ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಬಳಕೆಗೆ ತಂದ ಚೌಕಗಳ ಹಾಳೆ ಇಂದಿಗೂ ಮನೆಯ ಪರೀಕ್ಷೆಗೆ ಸುಲಭದ ಸಾಧನ. ಆಸ್ಪತ್ರೆಯಲ್ಲಿ ಸಿಗುತ್ತದೆ, ಸಿಗದಿದ್ದರೆ ಹತ್ತು ನಿಮಿಷದಲ್ಲಿ ನೀವೇ ಎಳೆಯಬಹುದು. ಮಕ್ಕಳ 30 ಸೆಂಟಿಮೀಟರ್ ಸ್ಕೇಲ್ ತೆಗೆದುಕೊಂಡು ಬಿಳಿ ಹಾಳೆಯ ಮೇಲೆ 10 ಸೆಂಟಿಮೀಟರ್ ಬದಿಯ ಚೌಕ ಹಾಕಿ. ಅಡ್ಡಕ್ಕೂ ಉದ್ದಕ್ಕೂ 5 ಮಿಲಿಮೀಟರಿಗೊಂದರಂತೆ ಕಪ್ಪು ಪೆನ್ನಿನಿಂದ ಗೆರೆ ಎಳೆದರೆ ಎರಡೂ ಕಡೆ 21 ಗೆರೆ, ಒಟ್ಟು 400 ಪುಟ್ಟ ಚೌಕ ಆಗುತ್ತವೆ. ಹನ್ನೊಂದನೆಯ ಅಡ್ಡಗೆರೆಯೂ ಹನ್ನೊಂದನೆಯ ಉದ್ದಗೆರೆಯೂ ಕೂಡುವಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ಚುಕ್ಕಿ ಇಡಿ. ಗೆರೆಗಳ ದಪ್ಪ ಒಂದೇ ಸಮ ಇರಲಿ. ಕೈ ನಡುಗಿ ಒಂದು ಗೆರೆ ಸೊಟ್ಟಗಾದರೆ ಆ ಹಾಳೆಯನ್ನು ಎಸೆದುಬಿಡಿ; ಇಲ್ಲದಿದ್ದರೆ ಪ್ರತಿ ಬೆಳಿಗ್ಗೆ ಅದೊಂದು ಗಾಬರಿ.

ಕಂಪ್ಯೂಟರಿನಿಂದ ಮುದ್ರಿಸಿದ್ದಾದರೆ ಸ್ಕೇಲಿನಿಂದ ಅಳೆದು ನೋಡಿ. ಹಾಳೆಗೆ ಹೊಂದಿಸುವ ಭರದಲ್ಲಿ ಪ್ರಿಂಟರ್ ಚಿತ್ರವನ್ನು ಕುಗ್ಗಿಸಿರುತ್ತದೆ. ಮೊಬೈಲ್ ಪರದೆಯ ಮೇಲಿನ ಚೌಕಗಳನ್ನು ನಾನು ಒಪ್ಪುವುದಿಲ್ಲ: ಅಳತೆ ಚಿಕ್ಕದು, ಹೊಳಪು ದಿನಕ್ಕೊಂದು, ಕೈಯಲ್ಲಿ ಹಿಡಿದ ದೂರವೂ ದಿನಕ್ಕೊಂದು.

ಅಳತೆಗೆ ಇಷ್ಟು ಮಹತ್ವ ಏಕೆಂದರೆ, 30 ಸೆಂಟಿಮೀಟರ್ ದೂರದಿಂದ ನೋಡಿದಾಗ ಒಂದೊಂದು ಪುಟ್ಟ ಚೌಕವೂ ದೃಷ್ಟಿಯ ಸುಮಾರು 1 ಡಿಗ್ರಿಗೆ ಸಮ; ಇಡೀ ಹಾಳೆ ನಡುದೃಷ್ಟಿಯ 20 ಡಿಗ್ರಿಯನ್ನು, ಅಂದರೆ ಮ್ಯಾಕ್ಯುಲಾ ಕಾಣುವ ಜಾಗವನ್ನು ಮುಚ್ಚುತ್ತದೆ. ದೂರ ಬದಲಾದರೆ ಈ ಲೆಕ್ಕ ಕೆಡುತ್ತದೆ. ನಾವು ಕಂಡುಕೊಂಡ ಉಪಾಯ ಹೀಗಿದೆ: ಹಾಳೆಯನ್ನು ರಟ್ಟಿಗೆ ಅಂಟಿಸಿ, ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಕಪಾಟಿನ ಬಾಗಿಲಿಗೆ ಹಚ್ಚಿದೆವು. ಮೇಲಂಚಿಗೆ 30 ಸೆಂಟಿಮೀಟರ್ ಉದ್ದದ ದಾರ ಕಟ್ಟಿದೆವು. ದಾರದ ತುದಿ ಕನ್ನಡಕದ ಚೌಕಟ್ಟಿಗೆ ತಾಗಿದರೆ ದೂರ ಸರಿ.

ನೋಡುವ ಕ್ರಮ

ಹೊತ್ತು ಒಂದೇ ಇರಲಿ. ಬೆಳಿಗ್ಗೆ ಕಾಫಿಯ ನಂತರ, ಕಿಟಕಿಯ ಬೆಳಕು ಹಾಳೆಯ ಮೇಲೆ ಸಮನಾಗಿ ಬೀಳುವಾಗ ನೋಡುವುದು ಚೆಂದ; ಮಳೆಗಾಲದಲ್ಲಿ ಟ್ಯೂಬ್‌ಲೈಟ್ ಹಾಕಿಕೊಳ್ಳಿ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಬೇಡ. ಈ ಕಾಯಿಲೆಯಲ್ಲಿ ಪ್ರಖರ ಬೆಳಕಿನ ಮಂಕು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷ ಕೂತು ನಂತರ ನೋಡಿ. ಓದುವ ಕನ್ನಡಕ ಹಾಕಿಕೊಳ್ಳಲೇಬೇಕು. ಬೈಫೋಕಲ್ ಇದ್ದರೆ ಕೆಳಗಿನ ಓದುವ ಭಾಗದಿಂದಲೇ ನೋಡಿ, ಅದಕ್ಕೆ ತಕ್ಕಂತೆ ಹಾಳೆಯನ್ನು ಸ್ವಲ್ಪ ಕೆಳಗೆ ಇಳಿಸಿ. ಕನ್ನಡಕದ ಗಾಜನ್ನು ಒರೆಸುವುದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಅಮ್ಮನ ಕನ್ನಡಕ ನೋಡಿದ ಮೇಲೆ ಹೇಳುತ್ತಿದ್ದೇನೆ.

ಎಡಗಣ್ಣನ್ನು ಅಂಗೈಯಿಂದ ಬಟ್ಟಲಿನಂತೆ ಮುಚ್ಚಿ. ಒತ್ತಬೇಡಿ; ಒತ್ತಿದ ಕಣ್ಣು ಸ್ವಲ್ಪ ಹೊತ್ತು ಮಂಜಾಗಿರುತ್ತದೆ, ಆಮೇಲೆ ಅದರ ಸರದಿ ಬಂದಾಗ ಸುಳ್ಳು ಹೇಳುತ್ತದೆ. ಬೆರಳ ಸಂದಿಯಲ್ಲಿ ಇಣುಕುವುದೂ ಬೇಡ. ಬಲಗಣ್ಣಿನಿಂದ ನಡುವಿನ ಚುಕ್ಕಿಯನ್ನೇ ದಿಟ್ಟಿಸಿ. ಕಣ್ಣು ಗೆರೆಗಳ ಮೇಲೆ ಓಡಾಡಲು ಹಂಬಲಿಸುತ್ತದೆ, ಬಿಡಬಾರದು. ಕೆಟ್ಟ ಜಾಗ ಕಣ್ಣಿನ ಜೊತೆಯಲ್ಲೇ ಓಡುವುದರಿಂದ, ಓಡಾಡಿದರೆ ಅದು ಎಲ್ಲಿದೆ ಎಂಬುದೇ ಸಿಗುವುದಿಲ್ಲ. ಚುಕ್ಕಿಯಿಂದ ನೋಟ ಕದಲಿಸದೆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಚುಕ್ಕಿ ಕಾಣುತ್ತಿದೆಯೇ? ನಾಲ್ಕು ಮೂಲೆ, ನಾಲ್ಕು ಅಂಚು ಕಾಣುತ್ತಿವೆಯೇ? ಯಾವುದಾದರೂ ಗೆರೆ ಬಾಗಿದೆಯೇ, ಅಲೆಯಂತಿದೆಯೇ, ಮುರಿದಿದೆಯೇ? ಚೌಕಗಳಲ್ಲಿ ಕೆಲವು ಮಾಯವಾಗಿವೆಯೇ, ಮಬ್ಬಾಗಿವೆಯೇ, ಪಕ್ಕದವಕ್ಕಿಂತ ಸಣ್ಣವಾಗಿ ಅಥವಾ ದೊಡ್ಡವಾಗಿ ಕಾಣುತ್ತಿವೆಯೇ?

ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಅದೇ ಕ್ರಮ. ಎಲ್ಲ ಸೇರಿ ಒಂದೆರಡು ನಿಮಿಷ. ದಿನವೂ ಮಾಡುವುದು ಮೇಲು.

ಚುಕ್ಕಿಯೇ ಕಾಣದಷ್ಟು ನಡುಭಾಗ ಈಗಾಗಲೇ ಹೋಗಿರುವ ಕಣ್ಣಿಗೆ ಇನ್ನೊಂದು ಹಾಳೆ ಮಾಡಿಕೊಳ್ಳಿ. ಮೂಲೆಯಿಂದ ಮೂಲೆಗೆ ಎರಡು ಓರೆಗೆರೆಗಳನ್ನು ಎಳೆದರೆ ಅವು ಕೂಡುವ ಜಾಗ ಎಲ್ಲಿರಬೇಕೆಂದು ಕಣ್ಣಿಗೆ ಅಂದಾಜು ಸಿಗುತ್ತದೆ. ಆಮ್ಸ್ಲರ್ ಅವರ ಮೂಲ ಹಾಳೆಗಳ ಗುಚ್ಛದಲ್ಲೂ ಇಂಥದ್ದೊಂದು ಇದೆ.

ಬರೆದಿಡುವುದು

ಗೀಟಿನ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಸಾಕು: ತಾರೀಖು, ಬಲ, ಎಡ. ಬದಲಾವಣೆ ಇಲ್ಲದಿದ್ದರೆ "ನಿನ್ನೆಯಂತೆ". ಏನಾದರೂ ಕಂಡರೆ ಚೌಕಗಳ ಹಾಳೆಯ ಜೆರಾಕ್ಸ್ ಪ್ರತಿಯೊಂದರ ಮೇಲೆ, ಅದೇ ಕಣ್ಣಿನಿಂದ ಚುಕ್ಕಿ ನೋಡುತ್ತಲೇ, ಬಾಗಿ ಕಂಡ ಗೆರೆಯನ್ನು ಕಂಡಂತೆ ಎಳೆದು ತಾರೀಖು ಹಾಕಿ. ಅಮ್ಮನ ಪುಸ್ತಕದಲ್ಲಿ ಒಂದು ಪುಟ ಹೀಗಿದೆ: "ಸೋಮವಾರ. ಬಲ ನಿನ್ನೆಯಂತೆ. ಎಡ: ಚುಕ್ಕಿಯ ಮೇಲೆ ಎರಡು ಚೌಕ ಒತ್ತಿಕೊಂಡಿವೆ, ಹಪ್ಪಳ ಉಬ್ಬಿದ ಹಾಗೆ." ವೈದ್ಯರು ಆ ಸಾಲನ್ನು ಓದಿ ಮರುಮಾತಿಲ್ಲದೆ ಸ್ಕ್ಯಾನಿಗೆ ಕಳುಹಿಸಿದರು.

ದೂರದ ಊರಿನಿಂದಲೋ ಅಮೆರಿಕದಿಂದಲೋ ಫೋನ್ ಮಾಡುವ ಮಕ್ಕಳಿಗೆ ಒಂದು ಮಾತು. "ಕಣ್ಣು ಹೇಗಿದೆ?" ಎಂದರೆ "ಚೆನ್ನಾಗಿದೆ, ನೀನು ಊಟ ಮಾಡಿದೆಯಾ?" ಎಂಬ ಉತ್ತರವೇ ಬರುವುದು. "ಇವತ್ತು ಎಡಗಣ್ಣಿನಲ್ಲಿ ಗೆರೆ ಹೇಗೆ ಕಂಡಿತು?" ಎಂದು ಕೇಳಿ.

ಹಾಳೆಯೊಂದನ್ನೇ ನಂಬಬೇಡಿ

ಈ ಹಾಳೆಗೆ ಒಂದು ಕುಂದು ಇದೆ. ನಮ್ಮ ಮಿದುಳು ಖಾಲಿ ಜಾಗವನ್ನು ಕಂಡರೆ ಸುತ್ತಮುತ್ತಲಿನ ವಿನ್ಯಾಸದಿಂದ ತಾನೇ ತುಂಬಿಬಿಡುತ್ತದೆ. ಸೀರೆಯ ಹರಕಿಗೆ ಅದೇ ಬಣ್ಣದ ನೂಲಿನಿಂದ ರಫು ಹಾಕಿದ ಹಾಗೆ. ಹೀಗಾಗಿ ಸಣ್ಣ ತೊಂದರೆಗಳು ಹಾಳೆಯಲ್ಲಿ ತಪ್ಪಿಸಿಕೊಳ್ಳುವುದುಂಟು. ಹಾಳೆ ಸರಿಯಿದೆ ಎಂದು ವೈದ್ಯರು ಕೊಟ್ಟ ತಾರೀಖಿನ ತಪಾಸಣೆಯನ್ನು ಬಿಡುವಂತಿಲ್ಲ. ಮನೆಯಲ್ಲೂ ಇನ್ನೆರಡು ಮೂರು ಕಡೆಯಿಂದ ಕಣ್ಣನ್ನು ವಿಚಾರಿಸಿಕೊಳ್ಳಬೇಕು.

ಮೊದಲನೆಯದು ಓದು. ಇದಕ್ಕೆ ದಿನಪತ್ರಿಕೆಯೇ ಸರಿ. ಒಂದೇ ಪುಟವನ್ನು ದಿನವೂ ಓದಿದರೆ ನಾಲ್ಕನೆಯ ದಿನ ಕಣ್ಣಿನ ಬದಲು ನೆನಪು ಓದುತ್ತದೆ. ಪತ್ರಿಕೆಯಲ್ಲಿ ಅಕ್ಷರದ ಗಾತ್ರ ಬದಲಾಗುವುದಿಲ್ಲ, ಮಾತು ಮಾತ್ರ ಹೊಸದು. ಒಂದೊಂದೇ ಕಣ್ಣಿನಿಂದ, ಅಭ್ಯಾಸದ ದೂರದಲ್ಲಿ, ಒಂದು ಸುದ್ದಿಯ ನಾಲ್ಕು ಸಾಲು ಓದಿ. ನಮ್ಮ ಲಿಪಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಒತ್ತಕ್ಷರಗಳು ಸಣ್ಣವು, ಸಾಲಿನ ಕೆಳಗೆ ಇಳಿದಿರುತ್ತವೆ. ಅಮ್ಮನಿಗೆ ಮೊದಲು ಕೈಕೊಟ್ಟದ್ದು ಅವೇ. "ಪಕ್ಷ"ದ ಕೆಳಗೇನಿದೆ ಎಂದು ತಡವರಿಸಿದರು. ಪ, ಷ, ಫಗಳ ನಡುವಿನ ಸಣ್ಣ ಗೀಟು, ಮ ಮತ್ತು ವಗಳ ವ್ಯತ್ಯಾಸ ಕಲೆಸಿಹೋಯಿತು. ಪದದ ಮೊದಲೂ ಕೊನೆಯೂ ಕಂಡು ನಡುವಿನ ಅಕ್ಷರ ಮಾತ್ರ ಮಾಯವಾದರೆ, "ಮೈಸೂರು" ಬರೀ "ಮೈ" ಮತ್ತು "ರು" ಆದರೆ, ಗಂಭೀರವಾಗಿ ತೆಗೆದುಕೊಳ್ಳಿ.

ಎರಡನೆಯದು ಮನೆಯ ನೇರ ಗೆರೆಗಳು. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ನೆಲದ ಟೈಲ್ಸ್, ಕ್ಯಾಲೆಂಡರಿನ ಮನೆಗಳು ಎಲ್ಲವೂ ಪುಕ್ಕಟೆ ಪರೀಕ್ಷೆಗಳೇ. ಚುಕ್ಕಿ ರಂಗೋಲಿ ಇಡುವವರು ಸಾಲು ತಪ್ಪುತ್ತಿದ್ದರೆ ಕೈಯನ್ನು ಬೈಯುವ ಮೊದಲು ಒಂದು ಕಣ್ಣು ಮುಚ್ಚಿ ನೋಡಲಿ.

ಮೂರನೆಯದು ನಡವಳಿಕೆ. ಇದನ್ನು ಮನೆಯವರು ಗಮನಿಸಬೇಕು. ಎದುರಿಗೆ ಬಂದ ಪರಿಚಿತರನ್ನು ಧ್ವನಿ ಕೇಳಿದ ಮೇಲೆ ಗುರುತಿಸುವುದು, ಸಂಜೆ ತರಕಾರಿ ಅಂಗಡಿಯಲ್ಲಿ ನೋಟುಗಳನ್ನು ಅದಲುಬದಲು ಮಾಡುವುದು, ಹಗಲಲ್ಲೂ ದೀಪ ಹಾಕು ಎನ್ನುವುದು, ಮಾತಾಡುವಾಗ ಮುಖದ ಬದಲು ಕಿವಿಯ ಪಕ್ಕ ನೋಡುವುದು.

ಸುಳ್ಳು ಗಾಬರಿ

ಗೆರೆ ಬಾಗಿದ್ದೆಲ್ಲ ಒದ್ದೆ ಮ್ಯಾಕ್ಯುಲಾ ಆಗಿರಬೇಕಿಲ್ಲ. ಕಣ್ಣು ಒಣಗಿದ್ದರೆ ಮಬ್ಬಾಗುತ್ತದೆ, ನಾಲ್ಕು ಸಲ ಮಿಟುಕಿಸಿದರೆ ತಿಳಿಯಾಗುತ್ತದೆ. ಪ್ರೋಗ್ರೆಸಿವ್ ಗಾಜಿನ ಅಂಚಿನಿಂದ ನೋಡಿದರೆ ಬಾಗಿಲು ಕೂಡ ಬಾಗುತ್ತದೆ. ಕನ್ನಡಕವನ್ನು ಸ್ವಲ್ಪ ಅತ್ತಿತ್ತ ಸರಿಸಿ: ಬಾಗು ಗಾಜಿನ ಜೊತೆ ಸರಿದರೆ ದೋಷ ಗಾಜಿನದು, ಗಾಜು ಸರಿದರೂ ನೋಟದ ನಡುವೆಯೇ ಕೂತಿದ್ದರೆ ಕಣ್ಣಿನದು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಅನುಮಾನ ನೀಗಿಸಿಕೊಳ್ಳಲು ಅಷ್ಟೇ ಕಾಲಾವಕಾಶ. "ನಾಲ್ಕು ದಿನ ನೋಡೋಣ" ಬೇಡ.

ಸಕ್ಕರೆ ಕಾಯಿಲೆ ಇರುವವರಿಗೆ ಅದರಿಂದಲೂ ಮ್ಯಾಕ್ಯುಲಾ ಊದಿಕೊಂಡು ಗೆರೆ ಬಾಗಬಹುದು. ಮನೆಯಲ್ಲಿ ಕೂತು ಎರಡನ್ನೂ ಬೇರ್ಪಡಿಸಲಾಗದು, ಬೇರ್ಪಡಿಸುವ ಅಗತ್ಯವೂ ಇಲ್ಲ. ಹೋಗಬೇಕಾದದ್ದು ಒಂದೇ ಕಡೆಗೆ.

ಬದಲಾವಣೆ ಕಂಡ ದಿನ

ಹೊಸದಾಗಿ ಬಾಗಿದ ಗೆರೆ, ಹೊಸ ಮಚ್ಚೆ, ಹಳೆಯ ಮಚ್ಚೆ ದೊಡ್ಡದಾಗಿರುವುದು, ನಿನ್ನೆ ಓದಿದ್ದನ್ನು ಇಂದು ಓದಲಾಗದಿರುವುದು: ಇವುಗಳಲ್ಲಿ ಯಾವುದಾದರೊಂದು ಕಂಡರೆ ಅದೇ ದಿನ ಫೋನ್ ಮಾಡಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಇಂಥವರನ್ನು ಒಂದು ಕೆಲಸದ ದಿನದೊಳಗೆ ತಜ್ಞರ ಬಳಿಗೆ ಕಳುಹಿಸಬೇಕು, 14 ದಿನದೊಳಗೆ ಚಿಕಿತ್ಸೆ ಆರಂಭವಾಗಬೇಕು ಎನ್ನುತ್ತದೆ. ನಮ್ಮಲ್ಲಿ ಆ ಗಡಿಯಾರವನ್ನು ನಾವೇ ಹಿಡಿದುಕೊಂಡು ಓಡಬೇಕು.

ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಬದಲಿಸಿಕೊಳ್ಳುವುದರಿಂದ ಕಾಲ ವ್ಯರ್ಥವಾಗುತ್ತದೆ. ಬೇಕಾದದ್ದು ರೆಟಿನಾ ತಜ್ಞರು ಮತ್ತು ಓಸಿಟಿ ಯಂತ್ರ. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ, ದೊಡ್ಡ ಖಾಸಗಿ ಕಣ್ಣಾಸ್ಪತ್ರೆಗಳೂ ಇವೆ. ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗವನ್ನು ವಿಚಾರಿಸಬಹುದು. ರೆಟಿನಾ ತಜ್ಞರು ವಾರದ ಯಾವ ದಿನ ಬರುತ್ತಾರೆ, ಯಂತ್ರ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕಣ್ಣು ಚೆನ್ನಾಗಿರುವಾಗಲೇ ತಿಳಿದು ಹಾಳೆಯ ಬೆನ್ನಿಗೆ ಬರೆದಿಡಿ. ನಾವು ಹೋದ ಒಂದು ಕಡೆ ಚೀಟಿ ಬರೆಯುವವರು "ಕಣ್ಣು ಮಂಜು" ಎಂದು ದಾಖಲಿಸಿಕೊಂಡು ಹತ್ತು ದಿನದ ಮೇಲಿನ ತಾರೀಖು ಕೊಟ್ಟರು. ತಪ್ಪು ಅರ್ಧ ನಮ್ಮದೇ. ನಾವು ಹೇಳಿದ್ದೇ ಹಾಗೆ. ಹೇಳಬೇಕಾದ ಮಾತು ಇದು: "ಇವರಿಗೆ ಎಎಂಡಿ ಇದೆ. ನಿನ್ನೆಯಿಂದ ಎಡಗಣ್ಣಿನಲ್ಲಿ ನೇರ ಗೆರೆ ಬಾಗಿ ಕಾಣುತ್ತಿದೆ. ಒದ್ದೆ ಬಗೆಗೆ ತಿರುಗಿದೆಯೇ ಎಂಬ ಅನುಮಾನ. ಇಂದೇ ಅಥವಾ ನಾಳೆ ರೆಟಿನಾ ತಜ್ಞರು ನೋಡಬೇಕು."

ಪುಸ್ತಕ, ಹಳೆಯ ಸ್ಕ್ಯಾನ್, ಮಾತ್ರೆಗಳ ಪಟ್ಟಿ ಜೊತೆಗಿರಲಿ. ಪಾಪೆ ಹಿಗ್ಗಿಸುವ ಹನಿ ಹಾಕುವುದರಿಂದ ಸ್ಕೂಟರ್ ಓಡಿಸಿಕೊಂಡು ಹೋಗಬೇಡಿ, ಕಪ್ಪು ಕನ್ನಡಕ ಒಯ್ಯಿರಿ. ಇಂಜೆಕ್ಷನ್ ಬೇಕೆಂದರೆ ಬೆಲೆಯ ಬಗ್ಗೆ ಸಂಕೋಚವಿಲ್ಲದೆ ಕೇಳಿ. ಬೆವಾಸಿಝುಮ್ಯಾಬ್, ರಾನಿಬಿಝುಮ್ಯಾಬ್, ಅಫ್ಲಿಬರ್ಸೆಪ್ಟ್ ಎಂಬ ಇಂಜೆಕ್ಷನ್ ಮದ್ದುಗಳ ಬೆಲೆಯಲ್ಲಿ ಅಜಗಜಾಂತರವಿದೆ. ಸಾಮಾನ್ಯವಾಗಿ ಮೊದಲ ಮೂರು ತಿಂಗಳು ತಿಂಗಳಿಗೊಂದರಂತೆ ಕೊಟ್ಟು, ಆಮೇಲೆ ಕಣ್ಣನ್ನು ನೋಡಿಕೊಂಡು ಅಂತರ ಹೆಚ್ಚಿಸುತ್ತಾರೆ. ಒಂದಕ್ಕೆ ದುಡ್ಡು ಹೊಂದಿಸಿ ಎರಡನೆಯದಕ್ಕೆ ನಿಲ್ಲುವುದಕ್ಕಿಂತ ಕೊನೆಯವರೆಗೆ ಕೈಗೆಟಕುವುದನ್ನು ಮೊದಲೇ ವೈದ್ಯರೊಡನೆ ಕೂತು ಆರಿಸಿಕೊಳ್ಳುವುದು ವಾಸಿ.

ಇಂಜೆಕ್ಷನ್ ಆದ ಮೇಲೆ ಬಿಳಿಗುಡ್ಡೆಯ ಮೇಲೆ ಕೆಂಪು ಕಲೆ, ಒಂದೆರಡು ದಿನ ತೇಲುವ ಚುಕ್ಕಿಗಳು ಸಾಮಾನ್ಯ. ನೋವು, ಕೆಂಪು ದಿನದಿಂದ ದಿನಕ್ಕೆ ಏರುತ್ತಿದ್ದರೆ, ದೃಷ್ಟಿ ಇಳಿಯುತ್ತಿದ್ದರೆ ಅದು ಒಳಗಿನ ಸೋಂಕಿರಬಹುದು. ಅಪರೂಪ, ಆದರೆ ರಾತ್ರಿಯಾದರೂ ಅದೇ ದಿನ ಹೋಗಬೇಕು. ಮಿಂಚು ಮಿಂಚಿದಂತಾಗಿ ಕಣ್ಣಿಗೆ ಪರದೆ ಇಳಿದಂತಾದರೆ, ಅಥವಾ ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾದರೆ, ಫೋನನ್ನೂ ಬಿಟ್ಟು ನೇರ ಆಸ್ಪತ್ರೆಗೆ ನಡೆಯಿರಿ.

ಮಾತ್ರೆಗಳು

ಅಂಗಡಿಯಲ್ಲಿ "ಕಣ್ಣಿನ ವಿಟಮಿನ್" ಎಂದು ಮಾರುವುದೆಲ್ಲ ಒಂದೇ ಅಲ್ಲ. 2013ರಲ್ಲಿ ಫಲಿತಾಂಶ ಹೊರಬಂದ ಅರೆಡ್ಸ್-2 ಎಂಬ ಅಮೆರಿಕದ ಕಣ್ಣಿನ ಕಾಯಿಲೆ ಅಧ್ಯಯನದ ಮಿಶ್ರಣದಲ್ಲಿ ಲ್ಯೂಟಿನ್ 10 ಮಿಲಿಗ್ರಾಂ, ಝಿಯಾಝ್ಯಾಂಥಿನ್ 2 ಮಿಲಿಗ್ರಾಂ, ಸಿ ಮತ್ತು ಇ ವಿಟಮಿನ್, ಸತು, ತಾಮ್ರ ಇರುತ್ತವೆ. ಮಧ್ಯಮ ಹಂತದವರಲ್ಲಿ ಇದು ಕಾಯಿಲೆ ಮುಂದುವರಿಯುವ ಅಪಾಯವನ್ನು ತಗ್ಗಿಸುತ್ತದೆ. ಆರಂಭದ ಹಂತದವರಿಗೆ ಉಪಯೋಗ ಕಂಡಿಲ್ಲ. ಬೀಡಿ, ಸಿಗರೇಟು ಸೇದುವವರು ಬೀಟಾ ಕ್ಯಾರೋಟಿನ್ ಇರುವ ಹಳೆಯ ಮಿಶ್ರಣವನ್ನು ಮುಟ್ಟಬಾರದು, ಅದು ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಬೀಡಿಯನ್ನೇ ಬಿಟ್ಟರೆ ಯಾವ ಮಾತ್ರೆಗಿಂತಲೂ ಹೆಚ್ಚು ಲಾಭ.

ಇಲ್ಲದ್ದು ಕಂಡರೆ

ಕೊನೆಗೆ, ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ. ದೃಷ್ಟಿ ಬಹಳ ಕುಗ್ಗಿದ ಕೆಲವರಿಗೆ ಗೋಡೆಯ ಮೇಲೆ ಹೂಬಳ್ಳಿ, ಜಗಲಿಯಲ್ಲಿ ಪುಟ್ಟ ಮನುಷ್ಯರು, ಗುರುತಿಲ್ಲದ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಸದ್ದಿಲ್ಲ, ಮಾತಿಲ್ಲ, ಬರೀ ನೋಟ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ 1760ರಲ್ಲಿ ತನ್ನ ಅಜ್ಜನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟ. ಅವನ ಹೆಸರೇ ಈ ಸ್ಥಿತಿಗೆ ಬಂದಿದೆ. ಕಣ್ಣಿನಿಂದ ಚಿತ್ರ ಬಾರದಾಗ ಮಿದುಳು ತಾನೇ ಬಿಡಿಸಿಕೊಳ್ಳುವ ಚಿತ್ರಗಳಿವು. ಹುಚ್ಚೂ ಅಲ್ಲ, ಗಾಳಿ ಸೋಂಕೂ ಅಲ್ಲ. ಮನೆಯವರು ನಕ್ಕಾರು, ಇಲ್ಲವೇ ಮಂತ್ರವಾದಿಯ ಹತ್ತಿರ ಕರೆದೊಯ್ದಾರು ಎಂದು ಹಿರಿಯರು ಬಚ್ಚಿಡುತ್ತಾರೆ. ಅಂಥದ್ದು ಕಂಡರೆ ಅದನ್ನೂ ಅದೇ ಪುಸ್ತಕದಲ್ಲಿ, ತಾರೀಖಿನ ಎದುರು ಬರೆದು ವೈದ್ಯರಿಗೆ ತೋರಿಸಿ. ಕಣ್ಣನ್ನು ಬೇಗಬೇಗ ಅತ್ತಿತ್ತ ಹೊರಳಿಸಿದರೆ, ಕೋಣೆಯ ದೀಪ ಹಾಕಿದರೆ ಎಷ್ಟೋ ಸಲ ಅವು ಹೊರಟುಹೋಗುತ್ತವೆ.